ಚೀಟಿಯಿಲ್ಲದ ವಿಷದ ಡ್ರಮ್ಮುಗಳು

ಮಾನ್ಯ ಸಂಪಾದಕರೇ,

ಪೀಣ್ಯದ ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಹಾಕುವ) ಘಟಕವೊಂದರಲ್ಲಿ ಸಯನೈಡ್ ಲವಣದ ಡ್ರಮ್ಮಿಗೆ ತಾಗಿದಂತೆಯೇ ಆಮ್ಲದ ಕ್ಯಾನುಗಳನ್ನು ಒಟ್ಟಿದ್ದುದನ್ನು ಈಚೆಗೆ ಕಂಡೆ. ಇವೆರಡೂ ಬೆರೆತರೆ ಹೈಡ್ರೋಜನ್ ಸಯನೈಡ್ ಎಂಬ ಮಾರಕ ಅನಿಲ ಹುಟ್ಟುತ್ತದೆ. ಅದರ ವಾಸನೆ ಎಲ್ಲರ ಮೂಗಿಗೂ ತಿಳಿಯುವುದಿಲ್ಲ. ಡ್ರಮ್ಮಿನ ಮೇಲಿದ್ದ ಇಂಗ್ಲಿಷ್ ಚೀಟಿ ಅರ್ಧ ಹರಿದಿತ್ತು. ಕಾರ್ಮಿಕರು ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡಿದ್ದರು, ಅನಿಲವೇನು ಬಟ್ಟೆಗೆ ಹೆದರಿ ನಿಲ್ಲುತ್ತದೆಯೇ!

ಅಪಾಯಕಾರಿ ರಾಸಾಯನಿಕಗಳ ಕುರಿತ 1989ರ ನಿಯಮಗಳು ಪಾತ್ರೆಯ ಮೇಲೆ ಒಳಗಿನ ವಸ್ತುವಿನ ಗುರುತು ಸ್ಪಷ್ಟವಾಗಿರಬೇಕೆನ್ನುತ್ತವೆಯಾದರೂ, ಸಣ್ಣ ಘಟಕಗಳಲ್ಲಿ ಅದನ್ನು ಕೇಳುವವರಿಲ್ಲ. ಕಾರ್ಖಾನೆಗಳ ಇಲಾಖೆಯು ದಿಢೀರ್ ತಪಾಸಣೆ ನಡೆಸಿ, ಆಮ್ಲ ಮತ್ತು ಸಯನೈಡ್‌ಗೆ ಪ್ರತ್ಯೇಕ ಕೋಣೆ, ಹೊಗೆ ಹೊರಹಾಕುವ ಫ್ಯಾನ್ ಹಾಗೂ ಕಾರ್ಮಿಕರು ಓದಬಲ್ಲ ಕನ್ನಡ, ಹಿಂದಿ ಫಲಕಗಳನ್ನು ಕಡ್ಡಾಯಗೊಳಿಸಲಿ.

– ಓರ್ವ ಓದುಗ, ಬೆಂಗಳೂರು