ಸೀಟ್ ಮಾಡ್ಯೂಲ್ ಬದಲಿಸುವ ಮುಂಚೆ ವೈರ್ ನೋಡಿ

ಮಾನ್ಯ ಸಂಪಾದಕರೇ,

ನಮ್ಮ ಕಾರಿನ ಡ್ರೈವರ್ ಸೀಟು ಒಂದು ದಿನ ಹಿಂದಕ್ಕೆ ಹೋಗಿದ್ದು ಮುಂದೆ ಬರಲೇ ಇಲ್ಲ. ಸ್ವಿಚ್ ಒತ್ತಿದರೆ ಟಿಕ್ ಅನ್ನುವ ಸದ್ದೂ ಇಲ್ಲ. ಗ್ಯಾರೇಜಿನವರು ಕಾರಿನ ದೋಷ ಓದುವ ಸ್ಕ್ಯಾನರ್ ಹಾಕಿ ಎರಡೇ ನಿಮಿಷದಲ್ಲಿ 'ಸೀಟ್ ಮಾಡ್ಯೂಲ್ ಹೋಗಿದೆ, ಹೊಸದು ಹಾಕಬೇಕು' ಅಂದರು. ಸೀಟಿನ ಮೋಟರನ್ನು ನಡೆಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಅದು. ಹಾಕಿಸಿದೆ. ಸೀಟು ಮಾತ್ರ ಅಲ್ಲಾಡಲಿಲ್ಲ! ಮೇಲಿಂದ ಏರ್‌ಬ್ಯಾಗ್ ದೀಪ ಬೇರೆ ಹತ್ತಿಕೊಂಡಿತು.

ಸ್ಕ್ಯಾನರ್ ಹೇಳಿದ್ದು 'ಮಾಡ್ಯೂಲ್ ಉತ್ತರ ಕೊಡುತ್ತಿಲ್ಲ' ಅಂತ ಅಷ್ಟೇ. ಕರೆಂಟೇ ಸಿಗದಿದ್ದರೆ ಅದು ಉತ್ತರ ಕೊಡೋದಾದರೂ ಹೇಗೆ, ಅಲ್ವಾ? ಫ್ಯೂಸ್, ಪವರ್ ವೈರ್, ಅರ್ಥ್ ವೈರ್ ಮೂರನ್ನೂ ಮಲ್ಟಿಮೀಟರ್ ಹಿಡಿದು ನೋಡಲು ಜಾಸ್ತಿ ಹೊತ್ತು ಬೇಕಿಲ್ಲ.

ಕೊನೆಗೆ ಇನ್ನೊಬ್ಬ ಮೆಕ್ಯಾನಿಕ್ ಹತ್ತಿರ ಹೋದೆ. ಸೀಟು ಪೂರ್ತಿ ಹಿಂದೆ ಇದ್ದದ್ದರಿಂದ ಸೀಟು ಜಾರುವ ಹಳಿಯ ಹಿಂದಿನ ಎರಡು ಬೋಲ್ಟ್ ಕೈಗೇ ಸಿಗುತ್ತಿರಲಿಲ್ಲ. ಅವರು ಮೋಟರಿಗೆ ನೇರವಾಗಿ 12 ವೋಲ್ಟ್ ಕೊಟ್ಟು ಸೀಟನ್ನು ಮುಂದೆ ತಂದರು. ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಸುಮ್ನೆ ಕಾದು ಕುಳಿತರು. ಸೀಟಿನ ಕೆಳಗಿನ ಹಳದಿ ಕನೆಕ್ಟರ್ ಏರ್‌ಬ್ಯಾಗಿನದು, ಆ ವ್ಯವಸ್ಥೆಯಲ್ಲಿ ಉಳಿದ ಚಾರ್ಜ್ ಇಳಿಯುವ ತನಕ ಅದನ್ನು ಮುಟ್ಟಬಾರದಂತೆ. ಆ ಕನೆಕ್ಟರ್ ಬಿಚ್ಚಿಟ್ಟು ಇಗ್ನಿಷನ್ ಆನ್ ಮಾಡಿದರೂ ದೀಪ ಹತ್ತುತ್ತದೆ. ಮನೆಯಲ್ಲೇ ಬಿಚ್ಚಲು ಹೊರಡುವವರು ಇದೊಂದನ್ನು ಮರೆಯಬೇಡಿ.

ಸೀಟು ಎತ್ತಿ ನೋಡಿದರೆ ಮಾಡ್ಯೂಲಿನ ಕನೆಕ್ಟರಿನ ಅರ್ಥ್ ಪಿನ್ನಿಗೆ ಹಸಿರು ಕಿಲುಬು. ಎಂದೋ ಚೆಲ್ಲಿದ ಬಾಟಲಿ ನೀರು ಅಲ್ಲಿಗೆ ಇಳಿದಿತ್ತು. ಮೊದಲಿನವರು ಹೊಸ ಮಾಡ್ಯೂಲನ್ನು ಅದೇ ಕನೆಕ್ಟರಿಗೆ ಸಿಕ್ಕಿಸಿ ಕೈತೊಳೆದುಕೊಂಡಿದ್ದರು. ಪಿನ್ ಬದಲಾಯಿಸಿ, ಪರೀಕ್ಷೆಗೆ ಅಂತ ಹಳೇ ಮಾಡ್ಯೂಲನ್ನೇ ಹಾಕಿದರು. ಸೀಟು ಹಿಂದೆ ಮುಂದೆ ಓಡಾಡಿತು. ಎರಡೂ ತುದಿವರೆಗೆ ಒಮ್ಮೆ ಓಡಿಸಿ ಮಾಡ್ಯೂಲಿಗೆ ಅಳತೆ ಕಲಿಸಿದ ಮೇಲೆ ಸೀಟಿನ ಜಾಗ ನೆನಪಿಡುವ ಮೆಮೊರಿ ಬಟನ್ ಕೂಡ ಸರಿಯಾಯಿತು. ಏರ್‌ಬ್ಯಾಗ್ ದೋಷದ ಕೋಡ್ ಅಳಿಸಿದ ಮೇಲೆ ದೀಪವೂ ಆರಿತು.

ಬದಲಿಸುವ ಮುಂಚೆ ವೈರ್ ನೋಡಿ, ಕಳಚಿದ ಭಾಗವನ್ನು ಗಿರಾಕಿಯ ಕೈಗೆ ಕೊಡಿ ಅಂತ ಗ್ಯಾರೇಜಿನವರನ್ನು ಕೇಳುತ್ತೇನೆ. ನಾನು ಹಳೆಯದನ್ನು ಕೇಳಿ ಇಟ್ಟುಕೊಂಡಿದ್ದಕ್ಕೆ ಇಷ್ಟು ಗೊತ್ತಾಯಿತು. ಹೊಸದನ್ನು ನಮ್ಮ ಕಾರಿನ ಚಾಸಿ ನಂಬರಿಗೆ ಕೋಡಿಂಗ್ ಮಾಡಿಬಿಟ್ಟಿದ್ದಾರೆ, ಹಾಗಾಗಿ ವಾಪಸ್ ತಗೊಳ್ಳಲ್ಲವಂತೆ. ಈಗ ಅದು ಕಪಾಟಿನಲ್ಲಿ ಕೂತಿದೆ.

– ಒಬ್ಬ ಓದುಗ