ಎರಡನೆಯ ಭಾಗವೇ ಮೇಲೆಂಬುದು ಅರ್ಧ ಸತ್ಯ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳಲ್ಲಿ ಎರಡನೆಯ ಭಾಗವೇ ಯಾವಾಗಲೂ ಮೇಲು ಎಂಬ ನಂಬಿಕೆ ನಮ್ಮ ಶಿರಸಿಯ ಹುಡುಗರಲ್ಲೂ ಬೇರೂರಿದೆ. 1998ರ ‘ಹಾಫ್-ಲೈಫ್’ ಮತ್ತು 2004ರ ‘ಹಾಫ್-ಲೈಫ್ 2’ ಎಂಬ ಶೂಟಿಂಗ್ ಆಟಗಳನ್ನು ಹೋಲಿಸಿದರೆ ಅದು ಅರ್ಧ ಸತ್ಯವೆಂದು ತಿಳಿಯುತ್ತದೆ.

ವಸ್ತುಗಳಿಗೆ ನಿಜವಾದ ತೂಕವಿದೆ ಎನ್ನಿಸುವಂತೆ ಮಾಡಿ, ಗ್ರಾವಿಟಿ ಗನ್‌ನಿಂದ ಗರಗಸದ ಅಲಗು, ಪೀಪಾಯಿಗಳನ್ನೇ ಎತ್ತಿ ವೈರಿಯತ್ತ ಎಸೆಯಲು ಬಿಟ್ಟ ಎರಡನೆಯ ಆಟ ತಂತ್ರಜ್ಞಾನದಲ್ಲಿ ಮುಂದಿದೆ, ಸಂಶಯವಿಲ್ಲ. ಆದರೆ ಬ್ಲ್ಯಾಕ್ ಮೆಸಾ ಸಂಶೋಧನಾ ಕೇಂದ್ರದೊಳಗೆ ನಿಧಾನವಾಗಿ ಸಾಗುವ ರೈಲಿನಿಂದ ಆರಂಭಿಸಿ, ನಡುನಡುವೆ ಆಟ ನಿಲ್ಲಿಸಿ ಸಿನಿಮಾ ತೋರಿಸದೆ, ಕಥೆಯನ್ನೆಲ್ಲ ಆಟಗಾರನ ಕಣ್ಣಿನಿಂದಲೇ ಹೇಳುವ ಕ್ರಮವನ್ನು ರೂಢಿಸಿದ್ದು ಮೊದಲನೆಯದು; ಎರಡನೆಯದು ಅದೇ ದಾರಿ ಹಿಡಿಯಿತು. ಅಡಗಿದವನನ್ನು ಗ್ರೆನೇಡ್ ಎಸೆದು ಹೊರಗೆಬ್ಬಿಸುವ ಸೈನಿಕರ ಚಾತುರ್ಯವೂ ಮೊದಲ ಆಟದಲ್ಲೇ ಹೆಚ್ಚೆಂದು ನನ್ನ ಅಭಿಪ್ರಾಯ. ಎರಡನೆಯದರ ದೋಣಿಯ ಓಟವಂತೂ ತುಸು ಅತಿಯಾಯಿತು.

ಅಂಗಡಿಯಲ್ಲಿ ಡಿಸ್ಕ್ ಕೊಂಡವರೂ ಸ್ಟೀಮ್ ಎಂಬ ಆಟ ವಿತರಣಾ ಸೇವೆಯ ಮೂಲಕ ಅಂತರ್ಜಾಲದಲ್ಲಿ ನೋಂದಾಯಿಸಲೇಬೇಕೆಂಬ ಷರತ್ತು ಬಂದದ್ದೂ ಎರಡನೆಯದರೊಂದಿಗೇ. ಮಳೆಗಾಲದಲ್ಲಿ ನೆಟ್‌ವರ್ಕ್ ಮಾಯವಾಗುವ ಘಟ್ಟದ ಹಳ್ಳಿಗಳಿಗೆ ಇದು ಸಣ್ಣ ಮಾತಲ್ಲ.

ತಮ್ಮ ಯುವ ಪುರವಣಿ ಹೊಸ ಆಟಗಳ ಜೊತೆಗೆ ಅವುಗಳ ಮೂಲ ಆಟಗಳಿಗೂ ಜಾಗ ಕೊಡಬೇಕೆಂದು ಕೋರುತ್ತೇನೆ.

– ಓದುಗ, ಶಿರಸಿ