ಪುಟ್ಟಿಗೆ, ಆ ದರೆ ವಿಷಯ

ಪುಟ್ಟಿ,

ಫೋನಲ್ಲಿ ಹೇಳೋಕೆ ಹೋದ್ರೆ ಗಂಟಲು ಕಟ್ಟುತ್ತೆ, ಅದಕ್ಕೇ ಬರೀತಿದೀನಿ. ದೀಪಾವಳಿ ರಜೇಲಿ ಸೊಪ್ಪಿನಬೆಟ್ಟದ ಕೆಳಗಿನ ಆ ಕಡಿದಾದ ಮಣ್ಣಿನ ದರೆ ಮೇಲಿಂದ ಸೈಕಲ್ಲಲ್ಲೇ ಕೆಳಕ್ಕೆ ಇಳಿಯೋಕೆ ಹೋಗಿ ಮುಗ್ಗರಿಸಿ ಬಿದ್ಯಲ್ಲ, ಅದು ನಿನ್ನ ತಪ್ಪಲ್ಲ ಕಣೆ, ನನ್ನದು. ನೀನು ನಾಲ್ಕು ಸಲ ಅಂಚಿನ ತನಕ ಬಂದು ವಾಪಸ್ ಹೋಗಿದ್ದೆ, ಐದನೇ ಸಲ ಗಟ್ಟಿ ಮನಸ್ಸು ಮಾಡಿ ಬರ್ತಿದ್ದೆ, ಕೆಳಗೆ ನಿಂತಿದ್ದ ನನಗೇ ಎದೆ ಧಸಕ್ ಅಂದು "ಬ್ರೇಕ್ ಹಿಡಿ, ಬ್ರೇಕ್ ಹಿಡಿ" ಅಂತ ಕೂಗಿಬಿಟ್ಟೆ. ಅಪ್ಪಯ್ಯ ಹೇಳಿದ್ರಲ್ಲ ಅಂತ ನೀನು ಹಿಡಿದೆ.

ನೀನು ಹಾಸ್ಟೆಲಿಗೆ ಹೋದ್ಮೇಲೆ ಟೇಪ್ ತಗೊಂಡು ಸೈಕಲ್ಲಿನ ಎರಡೂ ಚಕ್ರದ ನಡುವೆ ಅಳೆದೆ, ಅಚ್ಚಿಂದ ಅಚ್ಚಿಗೆ 1.2 ಮೀಟರ್ ಬಂತು. ಕ್ಯಾಲೆಂಡರ್ ಹಿಂದ್ಗಡೆ ಲೆಕ್ಕ ಹಾಕ್ದೆ. ಗಂಟೆಗೆ 5 ಕಿಲೋಮೀಟರ್ ಸ್ಪೀಡಲ್ಲಿ, ಅಂದ್ರೆ ನಡ್ಕೊಂಡು ಹೋದಷ್ಟು ನಿಧಾನ ಬಂದ್ರೆ, ಮುಂದಿನ ಚಕ್ರ ಅಂಚು ದಾಟಿದ್ಮೇಲೆ ಹಿಂದಿನದು ಅಲ್ಲಿಗೆ ಬರೋಕೆ ಹತ್ತಿರ ಹತ್ತಿರ 0.9 ಸೆಕೆಂಡ್ ಬೇಕು, ಅಷ್ಟೂ ಹೊತ್ತು ಮುಂದಿನ ಚಕ್ರದ ಕೆಳಗೆ ನೆಲ ಇಲ್ಲ, ಹಿಂದಿನದು ಮಾತ್ರ ಮೇಲೇ ಇದೆ, ಸೈಕಲ್ ಮೂತಿ ಕೆಳಗಾಗಿ ಹ್ಯಾಂಡಲ್ ಮೇಲಿಂದ ಆಚೆ ಬೀಳ್ತೀವಿ. 15 ಕಿಲೋಮೀಟರಲ್ಲಿ ಬಂದ್ರೆ ಅದೇ ದೂರಕ್ಕೆ 0.3 ಸೆಕೆಂಡ್, ಮೂತಿ ಬಗ್ಗೋದ್ರೊಳಗೆ ಹಿಂದಿನ ಚಕ್ರವೂ ಹೊರಗೆ ಬಂದಿರುತ್ತೆ. ಅಂಚಲ್ಲಿ ಬ್ರೇಕ್ ಹಿಡಿದ್ರಂತೂ ಭಾರ ಎಲ್ಲ ಮುಂದಕ್ಕೆ ಬಂದು ಮುಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿ ಮೂತಿ ಇನ್ನೂ ಬಗ್ಗಿಬಿಡುತ್ತೆ. ಈ ಲೆಕ್ಕ ನೋಡಿದ ರಾತ್ರಿ ನನಗೆ ನಿದ್ದೆ ಬರ್ಲಿಲ್ಲ ಪುಟ್ಟಿ.

ಆಮೇಲೆ ಶಿವಮೊಗ್ಗಕ್ಕೆ ಹೋದಾಗ ಸೈಕಲ್ ರಿಪೇರಿ ಮಾಡೋ ಹುಡುಗನ್ನ ಕೇಳ್ದೆ, ಅವನು ಗುಡ್ಡದಲ್ಲೆಲ್ಲ ಓಡಿಸಿದೋನು. ಸೀಟು ಪೂರ್ತಿ ಇಳಿಸ್ಬೇಕಂತೆ, ಎರಡೂ ಪೆಡಲ್ ಸಮ ಇಟ್ಕೊಂಡು ಎದ್ದು ನಿಂತು ಮಂಡಿ ಮೊಣಕೈ ಸಡಿಲ ಬಿಡ್ಬೇಕಂತೆ, ಕಣ್ಣು ಅಂಚಿನ ಮೇಲಲ್ಲ, ಇಳಿಯೋ ಜಾಗದ ಮೇಲೆ. ಮುಂದಿನ ಚಕ್ರ ಅಂಚು ಬಿಡೋ ಹೊತ್ತಿಗೆ ಹ್ಯಾಂಡಲ್ ಮುಂದಕ್ಕೆ ತಳ್ಳೋದು, ಎಳೆದು ಎತ್ತೋದಲ್ಲ. ಹಿಂದಕ್ಕೆ ಹಿಂದಕ್ಕೆ ಕೂತ್ಕೋ ಅಂತ ನಿನಗೆ ಹೇಳ್ತಿದ್ನಲ್ಲ, ಅದೂ ಸರಿಯಲ್ಲ, ತೀರಾ ಹಿಂದೆ ಹೋದ್ರೆ ಕೈ ನೆಟ್ಟಗಾಗಿ ತಳ್ಳೋಕೆ ಕೈಯೇ ಉಳಿಯಲ್ಲ, ಮುಂದಿನ ಚಕ್ರ ಹಿಡಿತಕ್ಕೂ ಸಿಗಲ್ಲ.

ಮೊದಲು ಅರ್ಧ ಅಡಿಯಿಂದ ಶುರು ಮಾಡ್ಸಿ ಅಂದ. ನಾವು ಸೀದಾ ಮೂರಡಿ ದರೆಗೇ ಕರ್ಕೊಂಡು ಹೋಗಿದ್ವಿ! ಈಗ ಕಣದ ಪಕ್ಕ ಜಂಬಿಟ್ಟಿಗೆ ಜೋಡಿಸಿ ಮೂರು ಕಟ್ಟೆ ಮಾಡಿದೀನಿ, ಅರ್ಧ ಅಡಿ, ಒಂದಡಿ, ಒಂದೂವರೆ. ಮೇಲೆ ಅಡಿಕೆ ಮರ ಸೀಳಿದ ದಬ್ಬೆ ಹಾಸೋಣ ಅಂತಿದ್ದೆ, ಇಬ್ಬನಿ ಬಿದ್ರೆ ಜಾರುತ್ತೆ, ಬಿಟ್ಟೆ. ಒಂದೂವರೆ ಅಡೀದರ ಮುಂದೆ ಮಣ್ಣು ಹಾಕಿ ಇಳಿಜಾರು ಮಾಡಿದೀನಿ, ಯಾಕಂದ್ರೆ ಇಳಿಜಾರಿಗೆ ಬಿದ್ರೆ ಏಟು ಕಮ್ಮಿ. ನಾವು ಚಿಕ್ಕೋರಿದ್ದಾಗ ದರೆಯಿಂದ ಜಿಗೀತಿದ್ವಿ, ರಸ್ತೆಗೆ ಜಿಗಿದ್ರೆ ಹಿಮ್ಮಡಿ ಝುಂ ಅನ್ನೋದು, ಮಣ್ಣು ಜರಿದ ಕಡೆ ಜಿಗಿದ್ರೆ ಹಾಗೇ ಓಡ್ಕೊಂಡು ಇಳಿದುಬಿಡ್ತಿದ್ವಿ, ಅದೇ ಥರ. ಅಡಿಕೆ ಕೊನೆ ಕೊಯ್ಲಿನ ಮಧ್ಯ ಇದೇನು ಕೆಲಸ ಅಂತ ಅಜ್ಜಿ ಬೈದ್ರು, ಬೈಕೊಂಡೇ ಎರಡು ಬುಟ್ಟಿ ಮಣ್ಣು ತಂದು ಹಾಕಿದ್ರು.

ನಿನ್ನ ಹಳೇ ಹೆಲ್ಮೆಟ್ ಎತ್ತಿಟ್ಟಿದೀನಿ. ಒಳಗಿನ ಥರ್ಮಾಕೋಲ್ ಬಿರುಕು ಬಿಟ್ಟಿದೆ, ಒಂದ್ಸಲ ಏಟು ತಿಂದಿದ್ದನ್ನ ಮತ್ತೆ ಹಾಕ್ಕೋಬಾರ್ದು. ಹೊಸದು ತಂದಿದೀನಿ, ಮಂಡಿ ಪ್ಯಾಡೂ.

ಕುಂದಾದ್ರಿ ಬೆಟ್ಟದ ಕಡೆ ಓಡಿಸ್ಬೇಕು ಅಂದಿದ್ಯಲ್ಲ, ಅದನ್ನ ಆಮೇಲೆ ನೋಡೋಣ. ಸಂಕ್ರಾಂತಿಗೆ ಬಂದಾಗ ಅರ್ಧ ಅಡಿ ಕಟ್ಟೇಲಿ ಎಷ್ಟು ಸಲ ಬೇಕಾದ್ರೂ ಇಳಿ, ಒಂದಡಿಗೆ ಮನಸ್ಸಾಗ್ದಿದ್ರೆ ಹೋಗ್ಲೇಬೇಡ, ಯಾರೂ ಏನೂ ಕೇಳಲ್ಲ. ಅಂಚಿಂದ ವಾಪಸ್ ಹೋಗ್ಬೇಕು ಅನ್ಸಿದ್ರೆ ದೂರ ಇದ್ದಾಗ್ಲೇ ನಿಲ್ಲಿಸು, ಅಷ್ಟೇ. ನಾನು ಕಣದ ಆಚೆ ತುದೀಲಿ, ನೀನು ನೋಡ್ಬೇಕಾದ ಜಾಗದಲ್ಲಿ, ಬಾಯಿ ಮುಚ್ಕೊಂಡು ನಿಂತಿರ್ತೀನಿ.

ಮಂಡಿ ಗಾಯದ ಹಕ್ಕಳೆ ಉದುರ್ತಾ? ಕೀಳ್ಬೇಡ.

ಅಪ್ಪಯ್ಯ